ಮೂರನೇ ನಂಬರಿನ ರಕ್ತ

ಆ ಬೀದಿಗೆ ಬೆಳಗಾಗುತ್ತಿದ್ದದ್ದು ಕಾರ್ಖಾನೆಯ ಸೈರನ್ನಿಗಲ್ಲ, ಪಾತ್ರೆ ಉಜ್ಜುವ ಸದ್ದಿಗೆ. ನಲವತ್ತು ಮನೆ, ನಲವತ್ತು ಹಿತ್ತಿಲು. ಹೆಂಗಸರು ಕುಕ್ಕರಗಾಲಲ್ಲಿ ಕೂತು ತಪ್ಪಲೆ, ಬಾಣಲೆ, ಲೋಟ ಒಂದೂ ಬಿಡದೆ ತಿಕ್ಕುತ್ತಿದ್ದರು. ರಾತ್ರಿ ತಿಕ್ಕಿಟ್ಟದ್ದನ್ನೇ ಬೆಳಿಗ್ಗೆ ಮತ್ತೆ. ಹೀಗೆ ತಿಕ್ಕಿರೆಂದು ಪ್ರತಿ ಅಡುಗೆಮನೆಯ ಗೋಡೆಗೂ ಒಂದು ಹಾಳೆ ಅಂಟಿಸಿದ್ದರು. ಅದರಲ್ಲಿ ನಗುವ ಹೆಂಗಸಿನ ಚಿತ್ರ, ಅವಳ ಕೈಯಲ್ಲಿ ಫಳಫಳ ಹೊಳೆಯುವ ತಪ್ಪಲೆ, ಕೆಳಗೆ ದಪ್ಪ ಅಕ್ಷರ: ‘ನಿಮ್ಮ ಮಗುವಿನ ಆರೋಗ್ಯ ನಿಮ್ಮ ಅಡುಗೆಮನೆಯಲ್ಲಿದೆ.’

ಹಾಳೆ ಅಂಟಿಸಿದ ಅಧ್ಯಯನದವರು ಕೆಟ್ಟವರೇನಲ್ಲ. ಮೂವತ್ತು ವರ್ಷದಿಂದ ಆ ಬೀದಿಯ ಮನೆಮನೆಯ ರಕ್ತ, ತೂಕ, ಎತ್ತರ, ಉಸಿರು ಅಳೆದು ಬರೆದಿಟ್ಟುಕೊಂಡವರು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಂದೇ ಮನೆಯ ಬೆನ್ನು ಬಿಡದೆ ನಡೆದರೆ ರೋಗ ಎಲ್ಲಿ ಹುಟ್ಟಿ ಎಲ್ಲಿಗೆ ಬರುತ್ತದೆಂದು ತಿಳಿಯುತ್ತದೆ, ಎಲ್ಲೆಲ್ಲೋ ಕೂತ ಡಾಕ್ಟರುಗಳಿಗೂ ಅದು ದಾರಿ ತೋರಿಸುತ್ತದೆ ಅನ್ನುವುದು ಅವರ ಎಣಿಕೆ. ಎಣಿಕೆ ಸರಿಯಾದದ್ದೇ. ಎರಡು ವರ್ಷದ ಹಿಂದೆ ಅವರು ಬೀದಿಯ ರಕ್ತವನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದರು. ಹೆಂಗಸರ ಮೈಯಲ್ಲಿ ಸೀಸ ಇತ್ತು. ಮಕ್ಕಳ ಮೈಯಲ್ಲಿ ಇನ್ನೂ ಜಾಸ್ತಿ ಇತ್ತು. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆಯಲ್ಲಿ ದಿನವಿಡೀ ನಿಲ್ಲುವ ಗಂಡಸರ ಮೈಯಲ್ಲಿ ಮಾತ್ರ ಇರಲೇ ಇಲ್ಲ. ಹಾಗಾದರೆ ವಿಷ ಕಾರ್ಖಾನೆಯದಲ್ಲ, ಮನೆಯೊಳಗಿನದು. ಮನೆಯೊಳಗಿನದು ಅಂದಮೇಲೆ ಪಾತ್ರೆಯದು. ಪಾತ್ರೆ ಅಂದಮೇಲೆ ಹೆಂಗಸಿನದು.

ಮೂಲೆಮನೆಯ ಸೊಸೆಯೂ ಉಜ್ಜುತ್ತಿದ್ದಳು. ಎಂಟಕ್ಕೆ ಬಸ್ಸು ಹಿಡಿಯಬೇಕು. ಪೇಟೆಯ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚಿಗೆ ಸಾಣೆ ಹಿಡಿಯುವುದು ಅವಳ ಕೆಲಸ. ಕೂದಲೆಳೆ ಹೆಚ್ಚುಕಮ್ಮಿಯಾದರೂ ಗಾಜು ಚೌಕಟ್ಟಿಗೆ ಕೂರುವುದಿಲ್ಲ. ಅಂಥ ಕೈಯಲ್ಲಿ ಈಗ ಬೂದಿ, ಮರಳು, ತೆಂಗಿನ ನಾರು.

"ತಳ ನೋಡೇ, ಕಪ್ಪು ಹಾಗೇ ಇದೆ," ಅಂದಳು ಅತ್ತೆ ಬಾಗಿಲಲ್ಲಿ ನಿಂತು.

"ಅದು ಕಪ್ಪಲ್ಲ ಅತ್ತೆ, ತೂತು. ಉಜ್ಜೀ ಉಜ್ಜೀ ಆಕಾಶ ಕಾಣ್ತಾ ಇದೆ."

"ಮಾತಿಗೇನೂ ಕಮ್ಮಿ ಇಲ್ಲ. ನಿನ್ನ ತವರಿನ ಆ ಬಣ್ಣದ ಬೋಗುಣಿ ಈ ಮನೆಗೆ ಬಂದ ದಿನವೇ ಅಂದುಕೊಂಡೆ."

"ಬೋಗುಣಿ ಗುಜರಿಗೆ ಹೋಗಿ ಎರಡು ವರ್ಷ ಆಯ್ತಲ್ಲ!"

"ಬೋಗುಣಿ ಹೋಯ್ತು. ಅದರಲ್ಲಿ ಉಂಡದ್ದು ಹೋಯ್ತಾ?"

ಸೊಸೆ ಮತ್ತೆ ನಾರು ಎತ್ತಿಕೊಂಡಳು. ಯಾಕೆಂದರೆ ಒಳಗೆ ಚೋಟಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಏಳು ವರ್ಷದ ಮಗು, ಚೋಟುದ್ದ ಇದ್ದಾಳೆ ಅಂತ ಬೀದಿಯೆಲ್ಲ ಇಟ್ಟ ಹೆಸರು ಅದು. ಒಂದನೇ ಕ್ಲಾಸಿನಲ್ಲಿ ಎರಡನೇ ವರ್ಷ. ನಿನ್ನೆ ಕಲಿತ ಅಕ್ಷರ ಇವತ್ತು ಇರುವುದಿಲ್ಲ. ಬೋಗುಣಿಯ ಮಾತು ಬಂದಾಗಲೆಲ್ಲ ಸೊಸೆಗೆ ತನ್ನ ಕೈಯಾರೆ ಮಗುವಿಗೆ ಉಣಿಸಿದ ಒಂದೊಂದು ತುತ್ತೂ ಕಣ್ಣ ಮುಂದೆ ಬರುತ್ತಿತ್ತು.

ಆ ಭಾನುವಾರ ಅಳತೆಯಮ್ಮ ಬಂದರು. ಅಧ್ಯಯನದವರ ಕಡೆಯಿಂದ ಹತ್ತೊಂಬತ್ತು ವರ್ಷದಿಂದ ಈ ಬೀದಿಗೆ ಬರುವ ಹೆಂಗಸು. ಹೆಗಲಿಗೆ ಚೀಲ, ಕೈಯಲ್ಲಿ ತಕ್ಕಡಿ, ಅಜ್ಜಿಯರ ಸೊಂಟನೋವಿನಿಂದ ಹಿಡಿದು ಕೂಸುಗಳ ಹಲ್ಲಿನವರೆಗೆ ಎಲ್ಲ ಬಲ್ಲವರು. ಮನೆಯಲ್ಲಿ ಯಾರೂ ಅವರಿಗೆ ಹೆಸರಲ್ಲ, ನಂಬರು. ಒಂದು, ತೀರಿಕೊಂಡ ಮಾವ. ಎರಡು, ಅತ್ತೆ. ಮೂರು, ಮಗ. ನಾಲ್ಕು, ಸೊಸೆ. ಐದು, ಚೋಟಿ. ಮಗ ಅವತ್ತೂ ಕೆಲಸಕ್ಕೆ ಹೋಗಿದ್ದ. ಕುಲುಮೆಗೆ ಭಾನುವಾರ ಅಂತ ಇರುವುದಿಲ್ಲ.

"ಹೊಟ್ಟೆನೋವು ವಾರಕ್ಕೆ ಎಷ್ಟು ಸಲ?"

"ನೋವಿಲ್ಲದ ದಿನ ಎಷ್ಟು ಅಂತ ಕೇಳಿ," ಅಂದಳು ಸೊಸೆ.

ಅಳತೆಯಮ್ಮ ಬರೆಯುವುದನ್ನು ನಿಲ್ಲಿಸಿದರು. "ಸೀಸ ಮತ್ತೆ ಏರಿದೆ ಕಣಮ್ಮ. ಇನ್ನು ಸ್ವಲ್ಪ ಏರಿದರೆ ಆಸ್ಪತ್ರೆಗೆ ಸೇರಿಸಲೇಬೇಕು. ಪಾತ್ರೆ..."

"ಪಾತ್ರೆಯ ಸುದ್ದಿ ಎತ್ತಬೇಡಿ."

"ಎತ್ತಲಿ ಬಿಡು," ಅಂದಳು ಅತ್ತೆ. "ನಾನು ಹೇಳಿದರೆ ಕಿವಿಗೆ ಬೀಳಲ್ಲ, ಅವರು ಹೇಳಿದರಾದರೂ ಬೀಳಲಿ."

"ಇನ್ನೊಂದು ವಿಷಯ ಇದೆ," ಅಳತೆಯಮ್ಮ ತಡವರಿಸಿದರು. "ನಮ್ಮಲ್ಲಿ ಹೊಸ ಯಂತ್ರ ಬಂದಿದೆ. ಮೂವತ್ತು ವರ್ಷದಿಂದ ತಂಪಿನಲ್ಲಿಟ್ಟ ರಕ್ತವನ್ನೆಲ್ಲ ಹೊರಗೆ ತೆಗೆದು, ಯಾವ ರೋಗ ಅಪ್ಪನಿಂದ ಬಂತು, ಯಾವುದು ಅಜ್ಜಿಯಿಂದ ಬಂತು ಅಂತ ಹೊಂದಿಸಿ ನೋಡುತ್ತಿದ್ದಾರೆ. ಈ ಬೀದಿಯಲ್ಲಿ ನಿಮ್ಮದೇ ಮೊದಲ ಮನೆ. ಹೊಂದುತ್ತಾ ಇಲ್ಲ."

ಅತ್ತೆ ಲೋಟವನ್ನು ಕುಕ್ಕಿದಳು. "ಹೊಂದುತ್ತಾ ಇಲ್ಲ ಅಂದರೆ? ನನ್ನ ಮಗ ನನ್ನ ಗಂಡನಿಗೇ ಹುಟ್ಟಿದವನು! ನಿಮ್ಮ ಯಂತ್ರಕ್ಕೆ ನಾಲಿಗೆ ಇದ್ದಿದ್ದರೆ ಕಿತ್ತು ಕೈಗೆ ಕೊಡ್ತಿದ್ದೆ."

"ಅಯ್ಯೋ, ಅದಲ್ಲಮ್ಮ! ಹೊಂದಬೇಕಾದ್ದಕ್ಕಿಂತ ಜಾಸ್ತಿ ಹೊಂದುತ್ತಾ ಇದೆ. ನಿಮ್ಮ ಯಜಮಾನರ ರಕ್ತ, ಈ ಹತ್ತು ವರ್ಷದಲ್ಲಿ ನಿಮ್ಮ ಮಗ ಕಳಿಸಿದ ರಕ್ತ, ಇವೆರಡೂ ಅಪ್ಪ-ಮಗಂದಲ್ಲ. ಒಬ್ಬನೇ ಮನುಷ್ಯನದು."

"ಅವರು ಹೋಗಿ ಹನ್ನೊಂದು ವರ್ಷ ಆಯ್ತು," ಅಂದಳು ಸೊಸೆ.

"ಅದಕ್ಕೇ ನನ್ನ ತಲೆ ಕೆಟ್ಟಿರೋದು. ನಮ್ಮ ಪುಸ್ತಕದ ಪ್ರಕಾರ ಸತ್ತವರು ವರ್ಷ ವರ್ಷವೂ ಟಪಾಲಿನಲ್ಲಿ ರಕ್ತ ಕಳಿಸ್ತಾ ಇದ್ದಾರೆ."

ಚೋಟಿ ಕಿಸಕ್ಕನೆ ನಕ್ಕಳು. "ಅಜ್ಜ ಟಪಾಲಿಗೆ ಹಾಕಿದ್ದಾ?"

ಟಪಾಲಿನ ಮಾತು ನಿಜ. ಮೊದಲು ಶಿಬಿರ ನಡೆಸಿ ತೋಳಿನಿಂದ ತೆಗೆಯುತ್ತಿದ್ದರು. ಹತ್ತು ವರ್ಷದಿಂದ ಮನೆಗೇ ದಪ್ಪ ಕಾಗದ ಬರುತ್ತಿತ್ತು. ಅದರಲ್ಲಿ ಐದು ವೃತ್ತ. ಬೆರಳಿಗೆ ಸೂಜಿ ಚುಚ್ಚಿ, ಒಂದೊಂದಕ್ಕೆ ಒಂದೊಂದು ಹನಿ ಬಿಟ್ಟು, ನೆರಳಲ್ಲಿ ಒಣಗಿಸಿ, ಲಕೋಟೆಗೆ ಹಾಕಿದರಾಯಿತು. ಸೊಸೆ ತನ್ನದನ್ನೂ ಮಗುವಿನದನ್ನೂ ತಾನೇ ಮಾಡುತ್ತಿದ್ದಳು. ಗಂಡನ ಕಾಗದವನ್ನು ಅತ್ತೆ ಎತ್ತಿಟ್ಟುಕೊಳ್ಳುತ್ತಿದ್ದಳು. ಎರಡು ದಿನ ಬಿಟ್ಟು ಅದು ತುಂಬಿಕೊಂಡು ಬರುತ್ತಿತ್ತು. ಹೇಗೆ ತುಂಬಿತೆಂದು ಸೊಸೆ ಕೇಳಿರಲಿಲ್ಲ.

"ನಿಮ್ಮಲ್ಲೇ ಅದಲುಬದಲಾಗಿರುತ್ತೆ," ಅಂದಳು ಅತ್ತೆ ಎದ್ದು ನಿಂತು.

"ಆಗಿರಬಹುದು. ಹಾಗಂತ ಬರೆದರೆ ಈ ಮನೆಯ ಮೂವತ್ತು ವರ್ಷವನ್ನೂ ಕಸಕ್ಕೆ ಹಾಕ್ತಾರೆ. ನನಗೆ ಮನಸ್ಸಿಲ್ಲ." ಅಳತೆಯಮ್ಮ ಚೀಲ ಕಟ್ಟಿಕೊಂಡರು. "ಮೂರು ವಾರ ಬಿಟ್ಟು ಬರ್ತೀನಿ. ಬೆರಳಿಂದ ಬೇಡ, ತೋಳಿಂದಲೇ ತೆಗೀತೀನಿ. ಮೂರನೇ ನಂಬರಿನವರು ನನ್ನ ಎದುರಿಗೆ ಕೂತಿರಬೇಕು."

ಅವರು ಬೀದಿ ತಿರುಗಿದ ಮೇಲೆ ಸೊಸೆ ಕೇಳಿದಳು, "ಏನತ್ತೆ ಇದು?"

"ಯಂತ್ರ ಕೆಟ್ಟಿದೆ," ಅಂದವಳೇ ಅತ್ತೆ ಕೊಡ ತಗೊಂಡು ನಲ್ಲಿಗೆ ಹೋದಳು. ಮನೆಯ ಉಳಿದೆರಡು ಕೊಡವೂ ತುಂಬಿಯೇ ಇದ್ದವು.

ಮಾರನೆಯ ದಿನ ಸೊಸೆ ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ಬೀದಿಯ ತುದಿಯಲ್ಲಿ ಚಿಕ್ಕಮಾವನ ಕ್ಷೌರದಂಗಡಿ. ಮಾವನ ತಮ್ಮ, ಮದುವೆಯಾಗದವನು, ಊಟಕ್ಕೆ ಮನೆಗೆ ಬರುತ್ತಾನೆ, ಮಲಗುವುದು ಅಂಗಡಿಯಲ್ಲಿ. ಒಂದು ಕುರ್ಚಿ, ಒಂದು ಬಿರುಕಿನ ಕನ್ನಡಿ. ಕುರ್ಚಿಯಲ್ಲಿದ್ದ ಗಿರಾಕಿಯ ಕೆನ್ನೆಯ ನೊರೆ ತೆಗೆದು ಕಳಿಸುವವರೆಗೆ ಅವಳು ಬೆಂಚಿನ ಮೇಲೆ ಕಾದಳು.

"ಚಿಕ್ಕಮಾವ, ಕೈ ತೋರಿಸಿ."

"ಭವಿಷ್ಯ ಹೇಳ್ತೀಯಾ? ಮದುವೆ ಯೋಗ ಇದ್ರೆ ಮಾತ್ರ ಹೇಳು, ಬೇರೇದು ಬೇಡ."

ನಗುತ್ತ ಚಾಚಿದ ಕೈಯನ್ನು ಅವಳು ಬೆಳಕಿಗೆ ಹಿಡಿದಳು. ಗಾಜಿನ ಅಂಚಿನ ಗೀರು ಹುಡುಕುವ ಕಣ್ಣು ಅದು. ಎಡಗೈಯ ಬೆರಳ ತುದಿಗಳಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಚ್ಚಿದ ಕಲೆಗಳು.

ಚಿಕ್ಕಮಾವನ ನಗು ನಿಂತಿತು. ಕೈ ಎಳೆದುಕೊಂಡು ಕತ್ತಿ ಒರೆಸತೊಡಗಿದ.

"ಅತ್ತಿಗೆಗೆ ಹೇಳಬೇಡ. ನಾನು ಹೇಳಿದೆ ಅಂತ ಗೊತ್ತಾದರೆ ಇವತ್ತಿಂದ ನನಗೆ ಗಂಜಿಯೂ ಇಲ್ಲ."

"ಎಷ್ಟು ವರ್ಷದಿಂದ?"

"ಅಳತೆಯವರು ಬಂದ ಮೂರನೇ ವರ್ಷದಿಂದ. ಆಗ ಶಿಬಿರ ಕಾರ್ಖಾನೆಯ ಸಭಾಂಗಣದಲ್ಲೇ. ಅಳತೆಯವರ ಪಕ್ಕದ ಕುರ್ಚಿಯಲ್ಲೇ ಕಾರ್ಖಾನೆ ಡಾಕ್ಟರು. ಎದುರುಮನೇಲಿ ಒಬ್ಬ ಇದ್ದ, ಉದ್ದಕಾಲು ಅಂತಿದ್ವಿ. ಅವನ ರಕ್ತದಲ್ಲಿ ಸೀಸ ಬಂತು. ವಾರದಲ್ಲಿ ಕುಲುಮೆಯಿಂದ ಅಂಗಳ ಗುಡಿಸೋಕೆ ಹಾಕಿದರು. ತಿಂಗಳಲ್ಲಿ ಹೊರಗೆ ಹಾಕಿದರು. ಮನೆ ಕಾರ್ಖಾನೇದು, ಖಾಲಿ ಮಾಡು ಅಂದರು. ಹೆಂಡತಿ ಮಕ್ಕಳು ಪಾತ್ರೆ ಪಗಡೆ ಸಮೇತ ಬೀದಿಲಿ ಕೂತಿದ್ದನ್ನ ನಾನೇ ನೋಡಿದೀನಿ." ಅವನು ಕತ್ತಿಯ ಬಾಯನ್ನು ಹೆಬ್ಬೆರಳಲ್ಲಿ ಸವರಿದ. "ಮುಂದಿನ ಸಲ ಅಣ್ಣ ಬಂದು ನನ್ನ ಮುಂದೆ ನಿಂತ. ‘ನಿಂದು ಕತ್ತರಿ ಕೆಲಸ, ನಿನ್ನ ರಕ್ತ ಚೊಕ್ಕ, ನನ್ನ ಚೀಟಿ ಹಿಡಕೊಂಡು ಹೋಗೋ’ ಅಂದ. ಹೋದೆ. ಇಬ್ಬರಿಗೂ ಒಂದೇ ಮೂಗು, ಸೂಜಿ ಚುಚ್ಚೋರು ಪ್ರತಿ ಸಲ ಹೊಸಬರು, ಯಾರು ಕೇಳ್ತಾರೆ? ಆಮೇಲೆ ಅಣ್ಣ ಹೋದ, ಹುಡುಗ ಅದೇ ಕುಲುಮೆಗೆ ಸೇರಿದ. ಕಾಗದ ಬಂತು, ಅದೂ ನನ್ನ ಬೆರಳಿಗೇ ಬಂತು."

"ಆ ಅಳತೆಯಮ್ಮ ಕಾರ್ಖಾನೆಯವರಿಗೆ ಏನನ್ನೂ ತೋರಿಸಲ್ಲ. ಶಿಬಿರ ಅಲ್ಲಿಂದ ತೆಗೆದು ಎಷ್ಟೋ ವರ್ಷ ಆಯ್ತಂತಲ್ಲ?"

"ಬಿಸಿಹಾಲು ಕುಡಿದ ಬೆಕ್ಕು ಕಣಮ್ಮ ನಾವು. ತಣ್ಣಗಿದೆ ಅಂದರೂ ಬಾಯಿ ಹಾಕಲ್ಲ."

"ಬೇರೆ ಮನೆಯವರು?"

"ಇನ್ನೂ ಮೂರು ಮನೆಗೆ ನಾನೇ. ಉಳಿದವರು ಭಾವನನ್ನೋ, ಷಡ್ಕನನ್ನೋ ಹಿಡಕೊಂಡರು. ಒಬ್ಬ ಹಾಲಿನವನಿಂದ ತುಂಬಿಸ್ತಾನೆ."

ಸೊಸೆಗೆ ನಗು ಬರಬೇಕಿತ್ತು. ಬೆಂಚಿನ ಅಂಚನ್ನು ಹಿಡಿದುಕೊಂಡಳು.

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಿಮ್ಮ ಬೆರಳಿನ ರಕ್ತ ನೋಡಿ ಅವರು ನನ್ನ ತಪ್ಪಲೇಲಿ ವಿಷ ಅಂತ ಬರೆದರು ಚಿಕ್ಕಮಾವ. ಗಂಡಸರು ಚೊಕ್ಕ, ಹಾಗಾದರೆ ತಪ್ಪು ಅಡುಗೆಮನೇದು ಅಂತ. ಸೀಸ ನಿಮ್ಮ ಹುಡುಗನ ಬಟ್ಟೇಲಿ ಬರುತ್ತೆ, ಕೂದಲಲ್ಲಿ ಬರುತ್ತೆ, ಚೋಟೀನ ಎತ್ತಿಕೊಂಡ ತೋಳಲ್ಲಿ ಬರುತ್ತೆ. ಅದನ್ನ ಹುಡುಕಬೇಕಾದವರು ಎರಡು ವರ್ಷದಿಂದ ನನ್ನ ಸೌಟು ನೆಕ್ಕಿ ನೋಡ್ತಾ ಇದ್ದಾರೆ."

ಚಿಕ್ಕಮಾವ ಕನ್ನಡಿಯ ಕಡೆ ತಿರುಗಿ ನಿಂತ. "ಅದು ಹೀಗೆ ತಿರುಗಿಕೊಳ್ಳುತ್ತೆ ಅಂತ ಯಾರಿಗೆ ಗೊತ್ತಿತ್ತು?" ಕತ್ತಿ ಮಡಚಿಟ್ಟು ಅಂದ, "ಅಣ್ಣ ಕೊನೇ ವರ್ಷ ಚಮಚ ಹಿಡಿಯೋಕೆ ಆಗದೆ ಅಳ್ತಿದ್ದ. ಅವರ ಪುಸ್ತಕದಲ್ಲಿ ಸಾಯೋ ದಿನದವರೆಗೂ ಕಲ್ಲುಗುಂಡು. ಅದು ನನ್ನ ಆರೋಗ್ಯ."

ಸಂಜೆಯ ಊಟಕ್ಕೆ ಗಂಜಿ, ಬೇಯಿಸಿದ ಆಲೂಗಡ್ಡೆ. ಗಂಡ ಬಂದವನು ಕೈ ತೊಳೆದು ಹಾಗೇ ಕೂತ. ಹುಬ್ಬಿನಲ್ಲಿ ಬೂದುಬಣ್ಣದ ಪುಡಿ. ಒಂದು ಕೈ ಹೊಟ್ಟೆಯ ಮೇಲೆ. ಚೋಟಿ ಅವನ ತೊಡೆಯೇರಲು ಹೋದಳು.

"ಇಳಿ," ಅಂದಳು ಸೊಸೆ. "ಅಪ್ಪ ಸ್ನಾನ ಮಾಡಿ ಬರಲಿ."

"ಇದೇನು ಹೊಸಾ ಮಡಿ?" ಅಂದಳು ಅತ್ತೆ.

"ಮಡಿಯಲ್ಲ. ಚಿಕ್ಕಮಾವನ ಬೆರಳು ನೋಡಿ ಬಂದೆ."

ಚಿಕ್ಕಮಾವ ಆಲೂಗಡ್ಡೆಯ ಸಿಪ್ಪೆಯನ್ನು ಮಹಾ ಗಮನದಿಂದ ಸುಲಿಯತೊಡಗಿದ. ಗಂಡ ತಟ್ಟೆಯಿಂದ ಕಣ್ಣೆತ್ತದೆ ಅಂದ, "ನೋಡಿದ್ದಾಯ್ತಲ್ಲ, ಉಣ್ಣು."

"ರೀ, ಅಳತೆಯಮ್ಮ ಬಂದ ದಿನ ನೀವು ಮನೇಲಿರಬೇಕು. ತೋಳು ಕೊಡಬೇಕು."

"ಕೊಟ್ಟು?"

"ನಿಮ್ಮ ಮೈಯಲ್ಲಿ ಎಷ್ಟಿದೆ ಅಂತ ಗೊತ್ತಾಗುತ್ತೆ."

"ಗೊತ್ತಾಗಿ? ಪೊರಕೆ ಹಿಡೀಲಾ? ತಿಂಗಳು ಕಳೆದ ಮೇಲೆ ಈ ಬಾಗಿಲಿಗೆ ಬೀಗ ಜಡೀತಾರೆ, ಆಗ ನಿನ್ನ ಕನ್ನಡಕದ ಗಾಜಿನ ಕೆಳಗೆ ಸಂಸಾರ ಹೂಡೋಣ?"

"ಉದ್ದಕಾಲನ ಹೆಂಡತಿ ಬೀದಿಲಿ ಕೂತಿದ್ದಳಲ್ಲ," ಅಂದಳು ಅತ್ತೆ, "ಅವಳಿಗೆ ಒಂದು ಚೊಂಬು ನೀರು ಕೊಡೋಕೂ ಹೆದರಿದ್ವಿ. ಮೇಸ್ತ್ರಿ ನೋಡ್ತಾನೆ ಅಂತ. ಅದನ್ನ ಕಂಡವಳು ನಾನು. ನೀನು ನಿನ್ನೆ ಮೊನ್ನೆ ಬಂದವಳು."

"ಹಾಗಾದರೆ ನನ್ನ ಬೋಗುಣಿ ಯಾಕೆ ಗುಜರಿಗೆ ಹಾಕಿದಿರಿ ಅತ್ತೆ? ನಿಮಗೆ ಗೊತ್ತಿತ್ತು. ನಿಮ್ಮ ಗಂಡ ಹೇಗೆ ಸತ್ತರು ಅಂತ ಗೊತ್ತಿದ್ದೂ, ನನ್ನ ಕೈಯಡುಗೆಯಿಂದ ಮಗು ಹೀಗಾಯ್ತು ಅಂತ ಎರಡು ವರ್ಷ ಹಂಗಿಸಿದಿರಿ."

ಗಂಡ ತಟ್ಟೆ ನೂಕಿದ. "ಅಮ್ಮನ ಮುಂದೆ ದನಿ ಏರಿಸಬೇಡ!"

"ನೀನು ಬೇರೆಯವರ ಬೆರಳಿನ ಹಿಂದೆ ಅಡಗಿ ಕೂತವನು. ನನಗೆ ದನಿಯ ಪಾಠ ಹೇಳಬೇಡ."

ಎಂಟು ವರ್ಷದಲ್ಲಿ ಮೊದಲ ಸಲ ಅವಳು ಅವನನ್ನು ನೀನು ಅಂದಿದ್ದಳು. ಅವನು ಎದ್ದು ಚಪ್ಪಲಿ ಮೆಟ್ಟಿ ಹೊರಟ. ಚಪ್ಪಲಿಯ ಪಟ್ಟಿ ಕೊಂಡಿಗೆ ಸೇರಲಿಲ್ಲ. ನಾಲ್ಕು ಸಲ ಬಗ್ಗಿ ಬಗ್ಗಿ ನೋಡಿ, ಬಿಟ್ಟು, ಎಳೆದುಕೊಂಡೇ ಹೋದ.

ಎರಡನೇ ವಾರ ಕಾರ್ಖಾನೆಯ ಗೇಟಿಗೆ ನೋಟೀಸು ಬಿತ್ತು. ‘ಮೂವತ್ತು ವರ್ಷಗಳ ವೈಜ್ಞಾನಿಕ ಅಧ್ಯಯನದಿಂದ ನಮ್ಮ ಕಾರ್ಮಿಕರ ರಕ್ತದಲ್ಲಿ ಸೀಸವಿಲ್ಲವೆಂದು ಸಾಬೀತಾಗಿದೆ’ ಅಂತ ಶುರು. ಆದ್ದರಿಂದ ಪಾಳಿ ಮುಗಿದ ಮೇಲಿನ ಬಿಸಿನೀರಿನ ಸ್ನಾನದ ಮನೆ ಇನ್ನು ಮುಚ್ಚಲಾಗುವುದು. ಮುಖಗವಸು ಬೇಕಾದವರು ಸ್ವಂತ ಖರ್ಚಿನಲ್ಲಿ ತರುವುದು. ಕುಲುಮೆಯ ಪಾಳಿ ಎಂಟು ತಾಸಿನ ಬದಲು ಹನ್ನೆರಡು.

ಗಂಡಸರು ಓದಿದರು. ತಾವೇ ಹೇಳಿಸಿದ ಸುಳ್ಳಿಗೆ ಮೊಹರು ಬಿದ್ದು ಗೇಟಿಗೆ ನೇತುಬಿದ್ದಿತ್ತು. ಅದು ಸುಳ್ಳೆಂದು ಕೂಗುವುದಾದರೂ ಯಾವ ಬಾಯಲ್ಲಿ? ತಲೆ ತಗ್ಗಿಸಿ ಒಳಗೆ ಹೋದರು.

ಅವತ್ತಿನಿಂದ ಗಂಡ ಮೈತುಂಬ ಪುಡಿ ಹೊತ್ತು ಮನೆಗೆ ಬರತೊಡಗಿದ. ಸೊಸೆ ಹಿತ್ತಿಲಲ್ಲಿ ಬಕೆಟ್ಟು, ಸೋಪು, ಬೇರೆ ಬಟ್ಟೆ ಇಟ್ಟಳು. ಒಂದು ದಿನ ಅಲ್ಲೇ ಮಿಂದ. ಎರಡನೇ ದಿನ, "ನಾನೇನು ಕೊಳಚೆ ನಾಯಿಯಾ?" ಅಂತ ಬಕೆಟ್ಟಿಗೆ ಒದ್ದು ನೇರ ಒಳಗೆ ಬಂದ.

ಆ ರಾತ್ರಿಯ ಪಾತ್ರೆಗಳನ್ನು ಸೊಸೆ ಮುಟ್ಟಲಿಲ್ಲ. ಬೆಳಿಗ್ಗೆಯೂ ಮುಟ್ಟಲಿಲ್ಲ. ಗೋಡೆಯ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತು ಒಲೆಗೆ ಹಾಕಿ, ಬಸ್ಸಿಗೆ ಹೋದಳು.

"ಇದೇನೇ ಇದು, ಅಡುಗೆಮನೆ ಅನ್ನೋದು ಛತ್ರ ಆಯ್ತಲ್ಲ!" ಅಂದಳು ಅತ್ತೆ, ಸಂಜೆ ಅವಳು ಹೊಸ್ತಿಲು ದಾಟುತ್ತಲೇ.

"ನಿಮ್ಮ ಮಗ ತೋಳು ಕೊಡೋವರೆಗೂ ನಾನು ನಾರು ಮುಟ್ಟಲ್ಲ ಅತ್ತೆ. ತೊಳೆದು ಬಡಿಸ್ತೀನಿ, ಉಜ್ಜಲ್ಲ. ನೋಡೋಣ, ಪಾತ್ರೆ ಯಾರನ್ನ ಕೊಲ್ಲುತ್ತೆ ಅಂತ."

ನಲ್ಲಿಯ ಸಾಲಿನಲ್ಲಿ ಆ ಸುದ್ದಿ ಎದ್ದಿತು. ಮೂಲೆಮನೆಯಿಂದ ಉಜ್ಜುವ ಸದ್ದು ಬರುತ್ತಿಲ್ಲ, ಸೊಸೆಗೆ ಮೈ ಸರಿಯಿಲ್ಲವೇ? ಸೊಸೆ ಕೊಡ ಕೆಳಗಿಟ್ಟು ಎಲ್ಲ ಹೇಳಿದಳು. ಮೊದಲು ಎಲ್ಲರೂ ನಲ್ಲಿಯನ್ನೇ ನೋಡಿದರು.

"ನಮ್ಮನೇಲಿ ಹಾಗೆಲ್ಲ ಇಲ್ಲಪ್ಪ," ಅಂದಳು ಎರಡು ಜಡೆಯ ಬಾಣಂತಿ.

"ನಿಮ್ಮನೇದು ಹಾಲಿನವನು," ಅಂದಳು ಹಿಂದಿನಿಂದ ಒಬ್ಬ ಮುದುಕಿ. "ನಾನೇ ಕಿಟಕಿಲಿ ನೋಡಿದೀನಿ. ಹಾಲು ಅಳೆದು ಆದ ಮೇಲೆ ಬೆರಳು ಅಳೀತಾನೆ."

ಸಾಲಿನಲ್ಲಿ ಒಬ್ಬಳು ಗೊಳ್ಳೆಂದಳು. ಇನ್ನೊಬ್ಬಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡವರಲ್ಲಿ ಕೆಲವರು ಒರೆಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. "ನನ್ನ ಕೂಸಿಗೆ ಮಾತೇ ಬರಲಿಲ್ಲ," ಅಂದಳು ಬಾಣಂತಿಯ ಪಕ್ಕದವಳು. "ಡಾಕ್ಟರು ಕೇಳಿದ್ದು ಒಂದೇ ಮಾತು, ಯಾವ ಬಾಣಲೆ ಬಳಸ್ತೀಯ ಅಂತ." ಮರುದಿನ ಬೆಳಿಗ್ಗೆ ಬೀದಿಯಲ್ಲಿ ಸದ್ದು ಅರ್ಧಕ್ಕಿಳಿದಿತ್ತು. ಅದರ ಮರುದಿನ ಸೈರನ್ನು ಸ್ಪಷ್ಟವಾಗಿ ಕೇಳಿಸಿತು.

ಮನೆಯಲ್ಲಿ ಮಾತ್ರ ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅತ್ತೆ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದಳು. ಮೇಸ್ತ್ರಿ ಆ ಕಡೆ ಹಾದರೂ ಎದೆ ಹಿಡಿದುಕೊಳ್ಳುತ್ತಿದ್ದಳು. ಗಂಡ ಹೆಂಡತಿಯ ಜೊತೆ ಮಗುವಿನ ಮೂಲಕ ಮಾತಾಡುತ್ತಿದ್ದ. "ನಿಮ್ಮಮ್ಮನಿಗೆ ಹೇಳು, ಉಪ್ಪು ಕಮ್ಮಿ." "ನಿಮ್ಮಪ್ಪನಿಗೆ ಹೇಳು, ಅಲ್ಲೇ ಡಬ್ಬಿ ಇದೆ." ಚೋಟಿ ಅತ್ತ ಇತ್ತ ತಿರುಗಿ ಅರ್ಧ ಮರೆತು, "ಡಬ್ಬಿ ಕಮ್ಮಿ ಅಂತೆ," ಅನ್ನುತ್ತಿದ್ದಳು. ಯಾರೂ ನಗುತ್ತಿರಲಿಲ್ಲ.

ಮೂರನೇ ವಾರದ ಶುಕ್ರವಾರ ಬೆಳಿಗ್ಗೆ ಗಂಡ ಅಂಗಿ ಹಾಕಿಕೊಳ್ಳುತ್ತಿದ್ದ. ಹೆಂಡತಿ ಒಲೆಯ ಬಳಿಯಿಂದ ನೋಡದ ಹಾಗೆ ನೋಡುತ್ತಿದ್ದಳು. ಮೊದಲನೇ ಗುಂಡಿ ಹೋಯಿತು. ಎರಡನೆಯದು ಬೆರಳಿನಿಂದ ಜಾರಿತು, ಮತ್ತೆ ಜಾರಿತು. ಹಿಂದೆಲ್ಲ ಹೆಂಡತಿಯ ಮುಂದೆ ಬಂದು ಎದೆ ಕೊಟ್ಟು ನಿಲ್ಲುತ್ತಿದ್ದ. ಈಗ ನಿಲ್ಲಲಾರ. ಅಮ್ಮ ನಲ್ಲಿಗೆ ಹೋಗಿದ್ದಳು.

"ಚೋಟಿ, ಬಾ ಇಲ್ಲಿ. ಇದನ್ನ ಹಾಕು."

ಮಗು ಮಂಡಿಯೂರಿ ಕೂತ ಅಪ್ಪನ ಎದೆಗೆ ಮುಖವಿಟ್ಟು ಗುಂಡಿ ಹಿಡಿಯಿತು. ತೂತಿನ ಹತ್ತಿರ ತಂದಿತು. ಜಾರಿತು. ನಾಲಿಗೆ ಕಚ್ಚಿಕೊಂಡು ಇನ್ನೊಮ್ಮೆ. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಹುಡುಕಿ ತಪ್ಪಿಸಿಕೊಂಡವು.

"ನಂಗೂ ಆಗಲ್ಲ ಅಪ್ಪ," ಅಂದಳು ಚೋಟಿ ಖುಷಿಯಿಂದ. "ನನ್ನ ಕೈನೂ ನಿನ್ನ ಥರ ಇದೆ."

ಗಂಡ ಏಳಲಿಲ್ಲ. ಸೈರನ್ನು ಕೂಗಿತು. ಮಗುವಿನ ಬೆರಳುಗಳನ್ನು ತನ್ನ ಅಂಗೈ ಮೇಲೆ ಹರಡಿಕೊಂಡು ಒಂದೊಂದನ್ನೇ ನೋಡಿದ. ಆಮೇಲೆ ಎದೆ ಬಿಚ್ಚಿಕೊಂಡೇ ಕೆಲಸಕ್ಕೆ ಹೋದ.

ಭಾನುವಾರ ಅಳತೆಯಮ್ಮ ಬಂದಾಗ ಮಗ ಮನೆಯಲ್ಲಿರಲಿಲ್ಲ. ತೋಳು ಬೇಕೇ ಬೇಕೆಂದರೆ ಮಗನ ಬದಲಿಗೆ ಇರಲಿ ಅಂತ ಅತ್ತೆ ಮೊದಲೇ ಏರ್ಪಾಟು ಮಾಡಿದ್ದಳು. ಒಗೆದ ಅಂಗಿ ತೊಟ್ಟ ಚಿಕ್ಕಮಾವ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ.

"ಮಗನಿಗೆ ಹನ್ನೆರಡು ತಾಸಿನ ಪಾಳಿ," ಅಂದಳು ಅತ್ತೆ. "ಬರೋಕಾಗಲ್ಲ. ನಿಮ್ಮಲ್ಲೇ ಅದಲುಬದಲಾಗಿದೆ ಅಂತ ಬರೆದುಕೊಳ್ಳಿ."

ಸೊಸೆ ಚಹಾ ತಂದಿಟ್ಟು ಎದುರಿಗೆ ಕೂತಳು. "ಅದಲುಬದಲಾಗಿರೋದು ನಿಮ್ಮಲ್ಲಲ್ಲ. ನಮ್ಮಲ್ಲಿ." ಸಭಾಂಗಣದ ಕುರ್ಚಿಯಿಂದ ಶುರು ಮಾಡಿ ಹಾಲಿನವನವರೆಗೂ ಹೇಳಿದಳು. ಅತ್ತೆ ನಡುವೆ ಎರಡು ಸಲ, "ಸುಳ್ಳು," ಅಂದಳು. ಮೂರನೇ ಸಲ ಅನ್ನಲಿಲ್ಲ.

ಅಳತೆಯಮ್ಮ ಚಹಾದ ಲೋಟ ಪಕ್ಕಕ್ಕೆ ಸರಿಸಿದರು. "ಈ ಬೀದಿಯ ಲೆಕ್ಕ ಇಟ್ಟುಕೊಂಡು ಎಷ್ಟು ಕಡೆ, ಎಷ್ಟು ಜನ ಡಾಕ್ಟರುಗಳು ಪುಸ್ತಕ ಬರೆದಿದ್ದಾರೆ ಗೊತ್ತಾ? ಸೀಸದ ಕೆಲಸದಿಂದ ಅಂಥ ಅಪಾಯ ಇಲ್ಲ ಅಂತ. ಬೇರೆ ಬೇರೆ ಊರಿನ ಕುಲುಮೆಗಳ ಮುಂದೆ ನಿಂತವರಿಗೆ ಅದನ್ನೇ ಓದಿ ಹೇಳ್ತಾರೆ."

"ನಾವು ಬೇಕಂತ ಮಾಡಲಿಲ್ಲ," ಅಂದ ಚಿಕ್ಕಮಾವ ಮೂಲೆಯಿಂದ.

"ನಿಮ್ಮನ್ನ ಬಯ್ಯೋಕೆ ನನಗೆ ಬಾಯಿಲ್ಲಪ್ಪ. ಆ ಕುರ್ಚಿ ಅಲ್ಲಿ ಹಾಕಿದ್ದು ನಮ್ಮವರೇ." ಅವರು ಪೆನ್ನು ತೆಗೆದು ಮತ್ತೆ ಮುಚ್ಚಿದರು. "ಆದರೆ ಕೇಳಿ. ನಿಮ್ಮ ಮಾತನ್ನ ಬರೆದುಕೊಂಡು ಹೋದರೆ ಒಂದು ಮನೆಯ ಹೆಂಗಸಿನ ಸಿಟ್ಟು ಅಂತಾರೆ. ಮಾತು ಸಾಲದು. ಕುಲುಮೆಯ ಮುಂದೆ ನಿಂತ ಒಂದು ತೋಳು ಬೇಕು. ಒಂದು ಬಂದರೆ ಉಳಿದವರನ್ನ ಕೇಳೋಕೆ ನನಗೆ ದಾರಿಯಾಗುತ್ತೆ. ಕಾರ್ಖಾನೆಗೆ ಹೆಸರು ಹೋಗಲ್ಲ, ಅದು ನನ್ನ ಮಾತು. ಆದರೆ ಕೆಲಸ ಹೋಗಲ್ಲ ಅಂತ ನಾನು ಮಾತು ಕೊಡಲಾರೆ."

"ಕೇಳಿದೆಯಾ?" ಅಂದಳು ಅತ್ತೆ ಸೊಸೆಗೆ. "ಕೊಡಲಾರೆ ಅಂದರು."

ಆಗ ಬಾಗಿಲು ಕತ್ತಲಾಯಿತು. ಗಂಡ ನಿಂತಿದ್ದ. ನೇರ ಕುಲುಮೆಯಿಂದ ಬಂದಿದ್ದ. ರೆಪ್ಪೆಯ ಮೇಲೂ ಪುಡಿ. ಪಾಳಿಯ ನಡುವೆ ಎದ್ದು ಬಂದವನಿಗೆ ಅರ್ಧ ದಿನದ ಕೂಲಿ ಹೋಗುತ್ತದೆ, ಮೇಸ್ತ್ರಿಯ ಪುಸ್ತಕದಲ್ಲಿ ಗುರುತು ಬೀಳುತ್ತದೆ. ಅವನ ಹಿಂದೆ ಅಂಗಳದಲ್ಲಿ ಇನ್ನೂ ಇಬ್ಬರು ಗಂಡಸರು ಒಳಗೆ ಬರುವುದೋ ಬೇಡವೋ ಅನ್ನುವ ಹಾಗೆ ಕಾಲು ಬದಲಿಸುತ್ತಿದ್ದರು.

ಚೋಟಿ ಓಡಿ ಬಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. "ಮುಟ್ಟಬೇಡ ಪುಟ್ಟಾ. ಅಮ್ಮನ ಹತ್ತಿರ ಹೋಗು."

ಹೆಂಡತಿಯ ಕಡೆ ನೋಡಲಿಲ್ಲ. ಚಾಪೆಯ ಮೇಲೆ ಕೂತು ಅಂಗಿಯ ತೋಳು ಮಡಚಲು ಹೋದ, ಮಡಚಲಾಗಲಿಲ್ಲ. ಸೊಸೆ ಬಂದು ಮೇಲೆ ಸರಿಸಿದಳು. ಅಳತೆಯಮ್ಮ ಪಟ್ಟಿ ಬಿಗಿದು, ಹತ್ತಿಯಲ್ಲಿ ಒರೆಸಿದರು. ಬಿಳಿ ಹತ್ತಿ ಬೂದುಬಣ್ಣವಾಯಿತು. ಇನ್ನೊಂದು ತಗೊಂಡರು, ಮತ್ತೊಂದು.

"ಮುಷ್ಟಿ ಹಿಡಿಯಪ್ಪ."

ಅವನು ಹಿಡಿದ. ಮಣಿಕಟ್ಟು ಕೆಳಕ್ಕೆ ಜೋತುಬಿತ್ತು, ಬೆರಳು ಅರ್ಧಕ್ಕೇ ನಿಂತವು.

"ಇನ್ನೂ ಗಟ್ಟಿಯಾಗಿ."

"ಇಷ್ಟೇ ಆಗೋದು," ಅಂದ ಅವನು. ದನಿ ಸಣ್ಣದಾಗಿತ್ತು.

ಅಳತೆಯಮ್ಮ ನರ ಹುಡುಕಿದರು, ಸಿಗಲಿಲ್ಲ. ಸೂಜಿ ಎತ್ತಿ ಹಿಡಿದುಕೊಂಡೇ ಕಾದರು. ಅಂಗಳದ ಇಬ್ಬರೂ ಬಾಗಿಲಿಗೆ ಬಂದು ನೋಡುತ್ತಿದ್ದರು. ಅತ್ತೆ ಒಲೆಯ ಬಳಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಮಗನ ಜೋತ ಕೈಯನ್ನು ನೋಡಿದಳು. ಅಂಥದೇ ಕೈಗೆ ಒಂದು ವರ್ಷ ಚಮಚ ಹಿಡಿಸಿದವಳು ಅವಳು. ಸೆರಗಿಗೆ ಅಂಗೈ ಒರೆಸಿಕೊಂಡು ಬಂದು ಚಾಪೆಯ ಮೇಲೆ ಕೂತಳು. ಎರಡೂ ಕೈಯಿಂದ ಮಗನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮೇಲಿಂದ ತನ್ನ ಕೈ ಮುಚ್ಚಿ, ಹಲ್ಲು ಕಚ್ಚಿ ಬಿಗಿಯಾಗಿ ಒತ್ತಿ ಹಿಡಿದಳು. ಮೊಣಕೈಯ ಮಡಿಕೆಯಲ್ಲಿ ನರ ನೀಲಿಯಾಗಿ ಎದ್ದಿತು.

"ತಗೊಳ್ಳಿ," ಅಂದಳು. "ಇದು ಇವನದೇ."